ಪಾದ್ರಿಯ ಎಡಗೆನ್ನೆಯ ನೆರಳು

ಬೈಲಹೊಂಗಲದ ನಿಜಗುಣಪ್ಪನಿಗೆ ಐವತ್ತೆಂಟು ವರ್ಷ ತುಂಬುವವರೆಗೆ ಹೊಟ್ಟೆಕಿಚ್ಚು ಎಂಬುದು ಬೇರೆಯವರ ರೋಗವಾಗಿತ್ತು. ಅವನ ಮನಸ್ಸು ದೊಡ್ಡದಿತ್ತು ಎಂದು ಯಾರೂ ತಿಳಿಯಬೇಕಾಗಿಲ್ಲ. ಸುತ್ತಿನ ನಾಲ್ಕು ತಾಲೂಕುಗಳಲ್ಲಿ ಅವನ ಸಮಕ್ಕೆ ನಿಲ್ಲುವವರು ಯಾರೂ ಇರಲಿಲ್ಲ, ಅಷ್ಟೇ. ಸತ್ತವರ ಫೋಟೊ ನೋಡಿ ದೊಡ್ಡದಾಗಿ, ಬಣ್ಣದಲ್ಲಿ ಮುಖ ಬರೆದುಕೊಡುವುದು ಅವನ ಕಸುಬು. ರಾಮದುರ್ಗದಿಂದ ಕಿತ್ತೂರಿನವರೆಗೆ ಯಾರ ಪಡಸಾಲೆಗೆ ಹೋದರೂ ಬಾಗಿಲ ಮೇಲೆ ಹಾರ ಹಾಕಿಕೊಂಡು ಕುಳಿತ ಅಜ್ಜನ ಕೆಳಗೆ, ಮೂಲೆಯಲ್ಲಿ, ‘ನಿಜಗುಣ ಆರ್ಟ್ಸ್’ ಎಂಬ ಸಣ್ಣಕ್ಷರ ಇದ್ದೇ ಇರುತ್ತಿತ್ತು. ಹಣೆಗೆ ಮೂರು ಬೆರಳಿನ ವಿಭೂತಿ, ಮೈಬಣ್ಣ ಇದ್ದುದಕ್ಕಿಂತ ಒಂದು ಚೂರು ಬೆಳ್ಳಗೆ, ಕಣ್ಣು ಕಟ್ಟಕಡೆಗೆ, ಅದೂ ಮನೆಮಂದಿಯನ್ನೆಲ್ಲ ಎದುರಿಗೆ ಕೂಡಿಸಿಕೊಂಡು. ನೆರಳು ಮಾತ್ರ ಯಾವ ಮುಖದ ಮೇಲೂ ಇರುತ್ತಿರಲಿಲ್ಲ.

ನೆರಳು ಹಾಕಲು ಅವನಿಗೆ ಬಾರದೆಂದೇನಲ್ಲ. ಹರೆಯದಲ್ಲಿ ಧಾರವಾಡದಲ್ಲಿ ಎರಡು ವರ್ಷ ಕಲಿತು ಬಂದಾಗ ನೆರಳೇ ಅವನ ದೊಡ್ಡ ಹೆಮ್ಮೆಯಾಗಿತ್ತು. ಮೊದಲ ಗಿರಾಕಿ ಸಂಗೊಳ್ಳಿಯ ಭಾಗೀರಥಿ. ಗಂಡನ ಚಿತ್ರ ಕೈಗೆ ಬಂದ ಕೂಡಲೇ ಆಕೆ ಸೆರಗಿನ ತುದಿ ಹಿಡಿದು ಚಿತ್ರದ ಕೆನ್ನೆ ಒರೆಸಲು ಹೋದಳು. “ನಮ್ಮವರ ಮಾರಿಗಿ ಮಸಿ ಹತ್ತೇತಲ್ರಿ,” ಎಂದಳು. ಅಂದು ಆ ಕೆನ್ನೆಯನ್ನು ಬೆಳ್ಳಗೆ ಮಾಡಿ ಕೊಟ್ಟ ನಿಜಗುಣಪ್ಪ ಮತ್ತೆಂದೂ ಯಾರ ಮುಖಕ್ಕೂ ನೆರಳು ಹಾಕಲಿಲ್ಲ. ಹೊಟ್ಟೆಪಾಡು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮನಸ್ಸೂ ಒಪ್ಪಿಕೊಂಡಿತು.

ಹೀಗೆ ಮೂವತ್ತೈದು ವರ್ಷ ಸುಖವಾಗಿದ್ದವನ ನಿದ್ದೆ ಕೆಡಿಸಿದವಳು ಸವದತ್ತಿಯ ಸ್ನೇಹಲ್. ಬಸ್ ಡಿಪೋದ ಮೆಕ್ಯಾನಿಕ್ ಪರಶುವಿನ ಮಗಳು, ದಲಿತ ಬೌದ್ಧರ ಮನೆಯ ಹುಡುಗಿ, ವಯಸ್ಸು ಇಪ್ಪತ್ತೇಳು. ಚಿತ್ರಕಲೆಯ ಕಾಲೇಜು ಮುಗಿಸಿ ಬಂದು ಅವಳೂ ಮುಖ ಬರೆಯತೊಡಗಿದ್ದಳು. ಬರೆಯಲಿ, ಬೇಡ ಎಂದವರಾರು? ಆದರೆ ದೇಗಾಂವದ ಸಂಗಪ್ಪ, ಅಜ್ಜನ ಚಿತ್ರವನ್ನೂ ದೊಡ್ಡಪ್ಪನ ಚಿತ್ರವನ್ನೂ ನಿಜಗುಣಪ್ಪನಿಂದಲೇ ಬರೆಸಿದ್ದವನು, ಅಪ್ಪ ತೀರಿಕೊಂಡಾಗ ಸವದತ್ತಿಗೆ ಹೋದ. ನಿಜಗುಣಪ್ಪ ಇನ್ನೇನೋ ನೆಪ ಮಾಡಿಕೊಂಡು ಅವರ ಮನೆಗೆ ಹೋಗಿ, ಚಹಾ ಕುಡಿಯುತ್ತ, ಕಳ್ಳನ ಹಾಗೆ ಗೋಡೆಯ ಕಡೆ ನೋಡಿದ. ಮುದುಕನ ಅರ್ಧ ಮುಖ ನೆರಳಿನಲ್ಲಿತ್ತು. ಇನ್ನೊಂದು ಗಳಿಗೆಗೆ ಕೆಮ್ಮಿ, ಸೊಸೆಯನ್ನು ಕರೆದು ನೀರು ಕೇಳುವವನ ಹಾಗಿದ್ದ.

“ಮಾರಿ ಕಪ್ಪಾತು ಅಂತ ಯಾರೂ ಅನ್ನಲಿಲ್ಲೇನು?” ಎಂದು ಕೇಳಿದ.

“ನಮ್ಮವ್ವ ಅಂದ್ಳರಿ. ಅದಕ್ಕ ಆ ಹುಡುಗಿ, ಎಂಟ ದಿನ ಗ್ವಾಡಿ ಮ್ಯಾಲ ಇಟ್ಟ ನೋಡ್ರಿ, ಬ್ಯಾಡಾದ್ರ ನಾ ಒಯ್ತೇನಿ ಅಂದ್ಳು. ಎಂಟ ದಿನಾದ ಮ್ಯಾಲ ಅವ್ವ ಕೊಡಾಕ ಒಲ್ಲೆ ಅಂದ್ಳು,” ಎಂದ ಸಂಗಪ್ಪ.

ಎಂಟು ದಿನ. ಭಾಗೀರಥಿಗೆ ಎಂಟು ದಿನ ಇಟ್ಟುಕೊಂಡು ನೋಡು ಎಂದು ಹೇಳುವ ಧೈರ್ಯ ತನಗೆ ಬಂದಿರಲಿಲ್ಲ. ತಾನು ಹೆದರಿ ಬಿಟ್ಟದ್ದನ್ನು ಈ ಹುಡುಗಿ ಬಿಡದೆ ಹಿಡಿದು ಗೆದ್ದಿದ್ದಳು. ಬಸ್ಸಿನಲ್ಲಿ ಮನೆಗೆ ಬರುವಾಗ ಅವನ ಎದೆ ಹಸಿಮೆಣಸಿನಕಾಯಿ ಕಡಿದ ಬಾಯಿಯ ಹಾಗೆ ಉರಿಯುತ್ತಿತ್ತು. ಅವಳ ಜಾತಿಯ ಮಾತನ್ನು ಅವನು ಎಲ್ಲಿಯೂ ಆಡಲಿಲ್ಲ. ಆಡಲಿಲ್ಲವೆಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದ್ದ ಎಂಬುದನ್ನೂ ಹೇಳಿಬಿಡುವುದು ಒಳ್ಳೆಯದು.

ಇಂಥ ಹೊತ್ತಿನಲ್ಲಿ ಕಿತ್ತೂರಿನ ಒಂದು ಮಿಷನ್ ಶಾಲೆಯ ಫಾದರ್ ಅವನನ್ನು ಕರೆಸಿದರು. ಶಾಲೆಗೆ ಹೊಸ ಸಭಾಂಗಣ ಕಟ್ಟಿದ್ದರು. ಅದರ ಮೂರು ಗೋಡೆಗೆ ರೇಷ್ಮೆಯ ಮೇಲೆ ಬರೆದ ಮೂರು ದೊಡ್ಡ ಚಿತ್ರ ಬೇಕಾಗಿದ್ದವು. ವಿಷಯ, ಮುನ್ನೂರು ವರ್ಷಗಳ ಹಿಂದೆ ಇಟಲಿಯಿಂದ ಚೀನಾಕ್ಕೆ ಹೋಗಿ, ಅಲ್ಲಿಯ ಚಕ್ರವರ್ತಿಯ ಆಸ್ಥಾನದಲ್ಲಿ ಐವತ್ತು ವರ್ಷ ಚಿತ್ರ ಬರೆದು ಅಲ್ಲಿಯೇ ಮಣ್ಣಾದ ಒಬ್ಬ ಪಾದ್ರಿ. ಮೊದಲ ಚಿತ್ರದಲ್ಲಿ ಪಾದ್ರಿ ಒಂದು ಕುದುರೆಯನ್ನು ಬರೆಯುತ್ತಿರಬೇಕು. ಚಕ್ರವರ್ತಿಯೂ ನಾಲ್ವರು ಆಸ್ಥಾನಿಕರೂ ನೋಡುತ್ತಿರಬೇಕು. ಹಿಂದೆ ಗುಡ್ಡ, ಗಿಡ.

“ಅಲ್ಲೆ ಒಂದ ಚಿತ್ರಕ್ಕ ಎರಡ ಕೈ ಇರತಿದ್ದೂರಿ,” ಎಂದರು ಫಾದರ್. “ಕುದರಿ, ಮಾರಿ ಪಾದ್ರಿ ಬರೀತಿದ್ದ. ಗುಡ್ಡಾ, ಗಿಡಾ ಅಲ್ಲಿ ಚಿತ್ರಗಾರರು ಬರೀತಿದ್ರು. ನಾವೂ ಹಂಗ ಮಾಡೂಣು. ಗುಡ್ಡಾ, ಗಿಡಾ ನಿಮ್ಮದು. ಕುದರಿ, ಮಾರಿ ಸವದತ್ತಿ ಸ್ನೇಹಲ್‌ದು.”

ನಿಜಗುಣಪ್ಪನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನ ಬಂತು. ಜೀವಮಾನವೆಲ್ಲ ಮುಖ ಬರೆದವನಿಗೆ ಗಿಡ! ಎದ್ದು ಹೊರಟುಬಿಡಬೇಕು ಎನ್ನಿಸಿತು. ಆದರೆ ಎದ್ದರೆ ಇಡೀ ಬಟ್ಟೆ ಅವಳ ಪಾಲಾಗುತ್ತದೆ. “ಇದ ಹೆಂಗ ಬರತೇತಿ ನೋಡಿ, ಉಳದ ಎರಡು ಗ್ವಾಡಿಗಿ ಮಾರಿ ಯಾರು ಬರೀಬೇಕು ಅಂತ ಆಮ್ಯಾಲೆ ಠರಾಯಿಸೂಣು,” ಎಂದು ಫಾದರ್ ಸೇರಿಸಿದ ಮಾತು ಅವನನ್ನು ಕುರ್ಚಿಯ ಮೇಲೆಯೇ ಕೂಡಿಸಿತು.

ಸವದತ್ತಿಯ ಬಸ್ಸು ತಡವಾಗಿ ಸ್ನೇಹಲ್ ಇನ್ನೂ ಬಂದಿರಲಿಲ್ಲ. ಫಾದರ್‌ಗೆ ಬೇರೆ ಊರಿಗೆ ಹೊರಡುವ ಅವಸರ. ಹೇಳಬೇಕಾದ್ದನ್ನೆಲ್ಲ ಇವನಿಗೇ ಹೇಳಿದರು. ಬಣ್ಣ ಹರಡದ ಹಾಗೆ ರೇಷ್ಮೆಗೆ ಮೊದಲು ಅಂಟು, ಪಟಕದ ನೀರು ಬಳಿದು ಒಣಗಿಸಬೇಕು. ಒಮ್ಮೆ ಬಣ್ಣ ಬಿದ್ದರೆ ಬಿತ್ತು, ಒರೆಸಲು ಬಾರದು. “ಮತ್ತ ಒಂದ ಮಾತು, ಇದನ್ನ ಸ್ನೇಹಲ್‌ಗೂ ಹೇಳ್ರಿ. ಪಾದ್ರಿ ಮೊದಲ ತನ್ನ ಊರಿನ ಪದ್ಧತಿ ಪ್ರಕಾರ ಮಾರಿ ಮ್ಯಾಲ ನೆಳ್ಳು ಹಾಕತಿದ್ದ. ಚಕ್ರವರ್ತಿಗಿ ಅದು ಸೇರಲಿಲ್ಲ. ಮಾರಿಗಿ ಹೊಲಸ ಹತ್ತಿಧಂಗ ಕಾಣತೇತಿ ಅಂದ. ಆವಾಗ ಪಾದ್ರಿ ನೆಳ್ಳ ಬಿಟ್ಟು, ಎದುರಿಂದ ಬೆಳಕ ಬಿದ್ಧಂಗ ಬರಿಯಾಕ ಕಲ್ತ.”

ಪೇಕಿಂಗಿನ ಚಕ್ರವರ್ತಿಯೂ ಸಂಗೊಳ್ಳಿಯ ಭಾಗೀರಥಿಯೂ ಒಂದೇ ಮಾತು ಆಡಿದ್ದರು! ಕಡಲು ದಾಟಿ ಬಂದ ಆ ಪಾದ್ರಿಯೂ ತನ್ನ ಹಾಗೆಯೇ ಬಾಯಿ ಮುಚ್ಚಿಕೊಂಡು ಕೆನ್ನೆ ಬೆಳ್ಳಗೆ ಮಾಡಿಕೊಟ್ಟಿದ್ದ. ಒಂದು ಗಳಿಗೆ ನಿಜಗುಣಪ್ಪನಿಗೆ ಆ ಪಾದ್ರಿ ಸ್ವಂತ ಅಣ್ಣನೆನ್ನಿಸಿದ. ಮರುಗಳಿಗೆಗೆ, ಈ ಅಣ್ಣನ ಮುಖವನ್ನು ಬರೆಯುವವಳು ಆ ಹುಡುಗಿ ಎಂಬುದು ನೆನಪಾಗಿ ಮತ್ತೆ ಉರಿ ಎದ್ದಿತು.

ಫಾದರ್ ಹೋದ ಮೇಲೆ ಸ್ನೇಹಲ್ ಓಡುತ್ತ ಬಂದಳು. ಅಂಟು ಹೇಳಿದ, ಪಟಕ ಹೇಳಿದ, ಯಾವ ಕೆಲಸ ಯಾರದು ಎಂಬುದನ್ನೂ ಹೇಳಿದ. ನೆರಳಿನ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದ. ಹಳೆಯ ಕಸುಬಿನವರು ಕೊನೆಯ ಒಂದು ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅವನ ಗುರುವೂ ಹಾಗೆ ಎಷ್ಟನ್ನೋ ನುಂಗಿಕೊಂಡೇ ಸತ್ತಿದ್ದ. ದೊಡ್ಡವರು ಬಾಯಿ ಬಿಡದಿದ್ದರೆ ಸಣ್ಣವರಿಗೆ ತಿಳಿಯುವುದಿಲ್ಲ ಎಂದೇ ನಿಜಗುಣಪ್ಪ ಇಂದಿಗೂ ನಂಬಿದ್ದ.

ಮೊದಲ ಸರದಿ ಅವನದು. ಪೈನ್ ಗಿಡವನ್ನು ಅವನು ಕಂಡವನಲ್ಲ. ಕ್ಯಾಲೆಂಡರಿನ ಒಂದು ಚಿತ್ರ ನೋಡಿ ಗಿಡ ಬರೆದ. ಗುಡ್ಡಕ್ಕೆ ಮಾತ್ರ ರಾಮದುರ್ಗದ ಬಸ್ಸು ಹತ್ತಿ, ತೊರಗಲ್ಲಿನ ಕೋಟೆಯ ಬುಡದಲ್ಲಿ ಎರಡು ದಿನ ಕುಳಿತು, ಬಂಡೆಗಳನ್ನು ಪೆನ್ಸಿಲ್ಲಿನಲ್ಲಿ ಇಳಿಸಿಕೊಂಡು ಬಂದ. ಸಿಟ್ಟಿನಲ್ಲಿ ಬರೆದ ಬಂಡೆ ಬಹಳ ಚೆನ್ನಾಗಿ ಬಂತು. ಬಟ್ಟೆಯನ್ನು ಪ್ಲಾಸ್ಟಿಕ್ ಪೈಪಿನಲ್ಲಿ ಸುತ್ತಿ ಸವದತ್ತಿಯ ಬಸ್ಸಿನಲ್ಲಿ ಕಳಿಸಿದ ದಿನವೇ ಅವಳ ಫೋನ್ ಬಂತು. “ಸರ, ಗುಡ್ಡಾ ಭಾಳ ಛಲೋ ಬಂದೇತ್ರಿ.” ಹೋಳಿಗೆಗೆ ಹೆಸರಾದ ಅಡುಗೆಯವನಿಗೆ ನಿನ್ನ ಅನ್ನ ಚೆನ್ನಾಗಿದೆ ಎಂದ ಹಾಗಾಯಿತು. ಎರಡು ದಿನ ಅವನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ ಮತ್ತೆ ಫೋನ್. ಹೆಂಡತಿ ತಂಗೆವ್ವ ಪಕ್ಕದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು.

“ಸರ, ನಾಳೆ ಮಾರಿ ಸುರು ಮಾಡತೇನಿ. ನೆಳ್ಳು ಹಾಕಲ್ಯೋ ಬ್ಯಾಡೋ? ಫಾದರ್ ಇದರ ಬಗ್ಗೆ ನಿಮಗ ಏನರ ಹೇಳ್ಯಾರೇನ್ರಿ?”

ಇಷ್ಟು ನೇರವಾಗಿ ಕೇಳಿದ ಮೇಲೂ ನಿಜ ಹೇಳಲು ಅವನಿಗೆ ಒಂದು ಉಸಿರಿನಷ್ಟು ಹೊತ್ತಿತ್ತು. ಆ ಉಸಿರಿನಲ್ಲಿ ಅವನಿಗೆ ಉಳಿದ ಎರಡು ಗೋಡೆ ಕಂಡವು.

“ಇಲ್ಲವಾ, ಏನೂ ಹೇಳಿಲ್ಲ. ಆರೂ ಮಾರಿಗಿ ಹಾಕು. ಗಟ್ಟ್ಯಾಗಿ ಹಾಕು. ನೆಳ್ಳಿಲ್ಲದ ಮಾರಿ ಒಂದ ಮಾರ್ಯೇನು?”

“ಆತ್ರಿ ಸರ,” ಎಂದು ಸ್ನೇಹಲ್ ಫೋನ್ ಇಟ್ಟಳು.

ತಂಗೆವ್ವ ಮೊರದಿಂದ ತಲೆ ಎತ್ತಿದಳು. “ನೀವು ಒಂದ ದಿನಾನೂ ಯಾರ ಮಾರಿಗೂ ನೆಳ್ಳ ಹಾಕಿದ್ದಿಲ್ಲ. ಅಕಿಗ್ಯಾಕ ಹಂಗ ಹೇಳಿದ್ರಿ?”

“ಅಕಿ ಕೆಲಸಾನ ಬ್ಯಾರೆ. ನೀ ಜ್ವಾಳಾ ನೋಡು,” ಎಂದ. ಆ ಸಂಜೆ ಅವನಿಗೆ ಬಹಳ ದಿನಗಳ ಮೇಲೆ ಹಸಿವು ಚೆನ್ನಾಗಿ ಆಗಿ, ಮೂರು ರೊಟ್ಟಿ ಉಂಡ.

ಚಿತ್ರ ತೋರಿಸುವ ದಿನ ಬಂತು. ಬಟ್ಟೆಯನ್ನು ಅವಳು ಸವದತ್ತಿಯಿಂದ ನೇರ ಕಿತ್ತೂರಿಗೆ ಒಯ್ದಿದ್ದರಿಂದ ನಿಜಗುಣಪ್ಪ ಮುಖಗಳನ್ನು ಕಂಡಿರಲಿಲ್ಲ. ಗಂಜಿ ಹಾಕಿದ ಧೋತರ ಉಟ್ಟು, ಅತ್ತರು ಹಚ್ಚಿಕೊಂಡು, ಮುಂದಿನ ಸಾಲಿನಲ್ಲಿ ಕುಳಿತ. ಆರು ಮಸಿ ಮೆತ್ತಿದ ಮುಖ ಕಂಡಾಗ ಹೇಗೆ ಮರುಗಬೇಕು, ಯಾವ ಮಾತು ಹೇಳಿ ಹುಡುಗಿಯನ್ನು ಸಮಾಧಾನ ಮಾಡಬೇಕು ಎಂಬುದನ್ನೂ ಬಸ್ಸಿನಲ್ಲಿಯೇ ಸಿದ್ಧ ಮಾಡಿಕೊಂಡಿದ್ದ. ಪರದೆ ಸರಿಯಿತು.

ಚಕ್ರವರ್ತಿಯ ಮುಖ ಸ್ವಚ್ಛವಾಗಿತ್ತು. ನಾಲ್ವರು ಆಸ್ಥಾನಿಕರ ಮುಖವೂ ಸ್ವಚ್ಛ. ಎದುರಿನಿಂದ ಬೆಳಕು ಬಿದ್ದಂತೆ, ನಿಜಗುಣಪ್ಪ ಜೀವಮಾನವೆಲ್ಲ ಬರೆದಂತೆ. ಕುಂಚ ಹಿಡಿದು ನಿಂತ ಪಾದ್ರಿಯ ಎಡಗೆನ್ನೆಗೆ ಮಾತ್ರ ನೆರಳು. ಗಟ್ಟಿಯಾದ, ಬೆಚ್ಚನೆಯ ನೆರಳು. ಐದು ಜನ ಒಂದು ಬೆಳಕಿನಲ್ಲಿ ನಿಂತಿದ್ದರು, ಆರನೆಯವನು ಬೇರೆ ಬೆಳಕಿನಲ್ಲಿ. ಅವನು ಎಲ್ಲರ ನಡುವೆ ಇದ್ದೂ ಪರದೇಶಿ ಎಂಬುದು ಏನೂ ಓದದವನಿಗೂ ತಿಳಿಯುವಂತಿತ್ತು. ಅವನ ಹಿಂದೆ ತೊರಗಲ್ಲಿನ ಬಂಡೆಗಳು ಚೀನಾದ ಗುಡ್ಡವಾಗಿ ನಿಂತಿದ್ದವು.

ನಿಜಗುಣಪ್ಪನಿಗೆ ಮೊದಲು ಆದದ್ದು ನಾಚಿಕೆಯಲ್ಲ. ಆ ನೆರಳು ನನ್ನದಾಗಬೇಕಿತ್ತು ಎನ್ನಿಸಿತು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ತಾನು ಹಾಕಬೇಕೆಂದಿದ್ದ ನೆರಳು ಅದೇ.

“ತನ್ನ ಊರು ಬಿಟ್ಟು ಬಂದಾವನ ಮಾರಿ ಮ್ಯಾಲ ಅಷ್ಟ ಅವನ ಊರಿನ ನೆಳ್ಳೈತಿ,” ಎಂದು ಫಾದರ್ ಮೈಕಿನಲ್ಲಿ ಹೇಳಿದರು. “ನನಗ ಇದು ಹೊಳದಿರಲಿಲ್ಲ. ಇದು ಹೆಂಗ ಹೊಳೀತು ಅಂತ ಸ್ನೇಹಲ್ ಹೇಳಬೇಕು.”

ಸ್ನೇಹಲ್ ಎದ್ದಳು. “ನಂದಲ್ರಿ ಇದು. ನೆಳ್ಳು ಹಾಕು, ಗಟ್ಟ್ಯಾಗಿ ಹಾಕು ಅಂದವರು ನಿಜಗುಣಪ್ಪ ಸರ. ಅವರ ಮಾತ ಕೇಳಿ ಹಾಕೇನಿ,” ಎಂದಳು.

ಚಪ್ಪಾಳೆ ಬಿತ್ತು. ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಉಳಿದ ಎರಡು ಚಿತ್ರಗಳಿಗೂ ಮುಖ ಸ್ನೇಹಲ್ ಬರೆಯುತ್ತಾಳೆ, ನಿಜಗುಣಪ್ಪನವರು ಹೀಗೆಯೇ ದಾರಿ ತೋರಿಸುತ್ತಾರೆ ಎಂದು ಫಾದರ್ ಅಲ್ಲಿಯೇ ಸಾರಿದರು. ಅವನು ಕೈಮುಗಿದ. ಇನ್ನೇನು ಮಾಡಲೂ ಹಾದಿ ಇರಲಿಲ್ಲ.

ಕಾರ್ಯಕ್ರಮ ಮುಗಿದು ಜನ ಊಟಕ್ಕೆ ನಡೆದಾಗ ಅವಳು ಜಗಲಿಯ ಮೇಲೆ ಒಬ್ಬಳೇ ಖಾಲಿ ಪೈಪಿಗೆ ಮುಚ್ಚಳ ಹಾಕುತ್ತಿದ್ದಳು. ನಿಜಗುಣಪ್ಪ ಹತ್ತಿರ ಹೋದ. ಇಷ್ಟು ಒಳ್ಳೆಯ ಹುಡುಗಿಗೆ ಎಂಥ ಕೆಲಸ ಮಾಡಿದೆ ಎಂದು ಅವನ ಕಣ್ಣು ಹನಿಗೂಡಿತ್ತು.

“ಅವ್ವಾ, ಆವತ್ತ ಫೋನಿನ್ಯಾಗ ನಾ ಸುಳ್ಳ ಹೇಳಿದ್ದೆ. ನಿನ್ನ ಕೆಲಸ ಕೆಡ್ಲಿ ಅಂತ ಹೇಳಿದ್ದೆ.”

“ಗೊತ್ತೈತ್ರಿ,” ಎಂದಳು, ಮುಚ್ಚಳ ತಿರುಗಿಸುತ್ತಲೇ. “ಆ ಚಕ್ರವರ್ತಿ ಕಥಿ ಎಲ್ಲಾ ಫೋನಿನ್ಯಾಗ ಐತ್ರಿ. ಮೊದಲನೇ ದಿನ ಸವದತ್ತಿಗಿ ಹೊಳ್ಳಿ ಹೋಗೂಮುಂದ ಬಸ್ಸಿನ್ಯಾಗ ಓದೇನಿ. ಹಾಕೂದ ಒಂದ ಮಾರಿಗಿ ಅಂತ ಆವಾಗ ಠರಾಯಿಸಿದ್ದೆ. ನೀವು ಹೇಳತೀರೋ ಇಲ್ಲೋ ಅಂತ ನೋಡಾಕ ಕೇಳಿದ್ದೆ.”

ನಿಜಗುಣಪ್ಪ ಕಣ್ಣೊರೆಸಿಕೊಂಡ. “ಮತ್ತ ಅಷ್ಟ ಮಂದಿ ಮುಂದ ನನ್ನ ಹೆಸರ ಯಾಕ ಹೇಳಿದಿ?”

“ನಾ ಖರೇ ಹೇಳಿದ್ರ ನೀವು ಇಲ್ಲ ಅಂತಿದ್ರಿ. ಮಂದಿ ನಿಮ್ಮ ಮಾತ ನಂಬತಿದ್ರು, ನಂದಲ್ಲ,” ಎಂದಳು. ದನಿ ಏರಲಿಲ್ಲ. “ಈಗ ನೀವ ಹೇಳಕೋತ ಇರಬೇಕ್ರಿ. ಯಾರ ಕೇಳಿದ್ರೂ, ನೆಳ್ಳು ಹಾಕು ಅಂದಾವ ನಾನ ಅಂತ.”

ಪೈಪನ್ನು ಹೆಗಲಿಗೆ ಏರಿಸಿಕೊಂಡು ಅವಳು ಬಸ್ ನಿಲ್ದಾಣದ ಕಡೆ ನಡೆದಳು. ನಿಜಗುಣಪ್ಪ ಶಾಲು ತೆಗೆಯಬೇಕೆಂದು ಕೈ ಎತ್ತಿದ. ಅಷ್ಟರಲ್ಲಿ ಊಟದ ಸಾಲಿನಿಂದ ಯಾರೋ ಹೆಸರು ಹಿಡಿದು ಕರೆದು, ತಮ್ಮ ಪಕ್ಕಕ್ಕೆ ಜಾಗ ಮಾಡಿಕೊಟ್ಟರು. ಹೋಗಿ ಕುಳಿತ. ಎಲೆಗೆ ಅನ್ನ ಬೀಳುವ ಮೊದಲೇ ಎಡಗಡೆಯವನು ಆ ನೆರಳಿನ ಸಂಗತಿ ಹೇಗೆ ಹೊಳೆಯಿತೆಂದು ಕೇಳಿದ. ನೆಳ್ಳು ಹಾಕು ಅಂದಾವ ನಾನ ಎಂದು ನಿಜಗುಣಪ್ಪ ಹೇಳಿದ. ಬಲಗಡೆಯವನಿಗೆ ಸರಿಯಾಗಿ ಕೇಳಿಸಿರಲಿಲ್ಲ, ಅವನಿಗೆ ಮತ್ತೊಮ್ಮೆ ಹೇಳಿದ.