ಕೊನೆಯ ಸಾಲಿಗೆ ಎತ್ತಿದ ಕಾಲು

ಸಕ್ಕರೆ ಕಾಯಿಲೆಯಿಂದ ಹೊನ್ನಯ್ಯನವರ ಎರಡೂ ಕಣ್ಣು ಹೋಗಿದ್ದವು. ಆದರೂ ದಿನಾ ಸಂಜೆ ಜಗಲಿಯ ಮೇಲೆ ಹಳೆಯ ಕಾವ್ಯದ ಪುಸ್ತಕವನ್ನು ಪೀಠಕ್ಕೇರಿಸಿ, ಹೂವಿಟ್ಟು, ಬಾಯಿಪಾಠವಿದ್ದ ಪದ್ಯಗಳನ್ನು ರಾಗವಾಗಿ ಹೇಳುವುದನ್ನು ಅವರು ಬಿಟ್ಟಿರಲಿಲ್ಲ. ಟಿ.ವಿ. ಧಾರಾವಾಹಿಗಳು ಬಂದ ಮೇಲೆ ಹಳೇಬೀಡಿನ ಆ ಬೀದಿಯಲ್ಲಿ ಕೇಳಲು ಉಳಿದವಳು ಅವರ ತಮ್ಮನ ಹೆಂಡತಿ ಬಸಮ್ಮ ಒಬ್ಬಳೇ.

ಬಸಮ್ಮನ ಮಂಡಿ ಸವೆದಿತ್ತು. ನೋವೆಂದು ಕೂತಲ್ಲೇ ಕೂತು ತೊಡೆಯ ಬಲವೂ ಹೋಗಿತ್ತು. ಬೇಲೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮಾಲಿನಿ, ತೊಡೆ ಗಟ್ಟಿಯಾದರೆ ಮಂಡಿಗೆ ಭಾರ ಕಡಿಮೆಯಾಗುತ್ತದೆ ಎಂದಳು. ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಮುಂದಕ್ಕೆ ಎತ್ತಬೇಕು, ಕೊಂಚ ಹೊತ್ತು ಬಿಗಿಹಿಡಿದು ನಿಧಾನವಾಗಿ ಇಳಿಸಬೇಕು, ಒಂದು ದಿನವೂ ಬಿಡಬಾರದು. ನೆಲದಲ್ಲಿ ಕೂರಬಾರದು ಎಂದು ತಿಳಿದಾಗ ಹೊನ್ನಯ್ಯನವರೇ ಜಗಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು.

ಮನೆಯಲ್ಲಿ ಕಾಲೆತ್ತಿದರೆ ಎಣಿಕೆ ತಪ್ಪುತ್ತಿತ್ತು, ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಒಂದು ಸಂಜೆ ಭಾವ ಪದ್ಯದ ಕೊನೆಯ ಸಾಲಿಗೆ ಬಂದಾಗ ಬಸಮ್ಮ ಸುಮ್ಮನೆ ಕಾಲೆತ್ತಿ ನೋಡಿದಳು. ಸಾಲು ಮುಗಿದಾಗ ಇಳಿಸಿದಳು. ಅಳತೆ ಸರಿಯಾಗಿತ್ತು. ಪಾದ ಮಾತ್ರ ಪುಸ್ತಕದ ಕಡೆಗೇ ಚಾಚಿತ್ತು. ಕುರ್ಚಿ ತಿರುಗಿಸಿದರೆ ಸದ್ದಾಗಿ ಭಾವನಿಗೆ ತಿಳಿದೀತು. ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡು ಮುಂದಿನ ಪದ್ಯಕ್ಕೂ ಎತ್ತಿದಳು.

ಕಾಲಿಳಿಸುವಾಗ ಉಸಿರು ಸುಯ್ಯೆಂದು ಹೊರಬರುತ್ತಿತ್ತು. ಅದು ಹೊನ್ನಯ್ಯನವರ ಕಿವಿಗೆ ಬಿತ್ತು. ಪದ್ಯ ಅವಳ ಎದೆಗೆ ತಾಕುತ್ತಿದೆ ಎಂದುಕೊಂಡು, ಸತ್ತ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾಯಿ ಗೋಳಾಡುವ ಪದ್ಯಗಳನ್ನೇ ಆರಿಸಿ ಹೇಳತೊಡಗಿದರು. ಕೊನೆಯ ಸಾಲನ್ನು ಎಳೆದೆಳೆದು ಹಾಡಿದರು. ಅವರು ಎಳೆದಷ್ಟೂ ಬಸಮ್ಮನ ತೊಡೆ ನಡುಗಿ ಉಸಿರು ಇನ್ನೂ ದೊಡ್ಡದಾಗುತ್ತಿತ್ತು. ಕೇಳುವುದೆಂದರೆ ನಮ್ಮ ಬಸಮ್ಮ ಕೇಳಿದ ಹಾಗೆ ಕೇಳಬೇಕು ಎಂದು ಬೀದಿಯವರಿಗೆಲ್ಲ ಹೇಳಿದರಂತೆ.

"ನಿನ್ ಭಕ್ತಿ ನೋಡಿ ನಮ್ಮಣ್ಣ ಹತ್ತು ವರ್ಸ ಚಿಕ್ಕವ್ನಾಗವ್ನೆ ಕಣೇ," ಎಂದು ಗಂಡ ನಂಜಪ್ಪ ನಕ್ಕಾಗ ಅವಳು ಅರ್ಧ ಊಟಕ್ಕೇ ಎದ್ದು ತಟ್ಟೆ ತೊಳೆದಳು.

ಮಂಡಿ ಸುಧಾರಿಸಿತು. ಬಸ್ತಿಹಳ್ಳಿಯವರೆಗೆ ನಡೆದು ಬರುವಂತಾದಳು. ಮಾಲಿನಿ ತೊಡೆ ಒತ್ತಿ ನೋಡಿ, ಯಾವ ದೇವರಿಗೆ ಹರಕೆ ಹೊತ್ತಿರಿ ಎಂದು ತಮಾಷೆ ಮಾಡಿದಳು. ಹಿಂದಿರುಗುವ ಬಸ್ಸಿನಲ್ಲಿ ಬಸಮ್ಮ ಆ ತಾಯಿಯ ಪದ್ಯವೊಂದನ್ನು ಮೆಲ್ಲಗೆ ಹೇಳಿಕೊಂಡಳು. ಹುಡುಗಿಯಾಗಿದ್ದಾಗಿನಿಂದ ಕೇಳಿ ಕೇಳಿ ಅತ್ತ ಪದ್ಯ. ಕೊನೆಯ ಸಾಲಿಗೆ ಬಂದಾಗ ಕಣ್ಣು ತೇವವಾಗಲಿಲ್ಲ; ತೊಡೆ ತಾನಾಗಿ ಬಿಗಿಯಿತು.

ಆ ಸಂಜೆ ಪುಸ್ತಕಕ್ಕೆ ಹೂವಿಡುವ ಮೊದಲೇ ಭಾವನಿಗೆ ಎಲ್ಲ ಹೇಳಿಬಿಟ್ಟಳು. ಕಾಲು ಚಾಚಿದ್ದನ್ನು ಹೇಳಿದಳು. ಸಾಲು ಯಾವಾಗ ಮುಗಿದೀತೆಂದು ಕಾದದ್ದಲ್ಲದೆ ಬೇರೇನೂ ಕೇಳಲಿಲ್ಲ ಎಂದೂ ಹೇಳಿದಳು.

ಹೊನ್ನಯ್ಯ ತಡವಿ ಪುಸ್ತಕವನ್ನು ಪೀಠದ ಮೇಲೆ ನೆಟ್ಟಗಿಟ್ಟರು.

"ಆ ಉಸ್ರು?" ಎಂದರು.

"ಕಾಲಿಳ್ಸೋವಾಗ ಬತ್ತಿದ್ದಿದ್ದು, ಭಾವ."

"ಒಂದ್ ಸಲಾನೂ ಪದ್ಯಕ್ಕೆ ಬಂದಿದ್ದಲ್ವಾ?"

ಬಸಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಅವರು ನೋವು ಈಗ ಹೇಗಿದೆ ಎಂದು ವಿಚಾರಿಸಿದರು. ಕಡಿಮೆಯಾಗಿದೆ ಎಂದಾಗ, ಹಾಗಾದರೆ ಬಿಡಬೇಡ ಎಂದು ಪದ್ಯ ಶುರುಮಾಡಿದರು.

ರಾಗವಿರಲಿಲ್ಲ. ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಸಾಲುಗಳು ಸರಸರನೆ ಬಂದವು. ಕೊನೆಯ ಸಾಲು ಮಾತ್ರ ಅವಳ ಕಾಲಿಗೆ ಬೇಕಾದಷ್ಟು ಹೊತ್ತು ನಿಂತು ಮುಗಿಯಿತು.

"ನಾನು ಕಾಲೆತ್ತಿಲ್ಲ ಭಾವ. ಇನ್ಮ್ಯಾಕೆ ಮನೇಲೇ ಮಾಡ್ಕೊಂಡು ಬತ್ತೀನಿ. ರಾಗ್ವಾಗಿ ಹೇಳಿ."

"ಎತ್ತವ್ವ, ನಂಗೇನ್ ಬೇಜಾರಿಲ್ಲ," ಎಂದು ಅವರು ಹಾಗೇ ಮುಂದುವರಿದರು.

ಬಸಮ್ಮ ಎರಡೂ ಪಾದ ನೆಲಕ್ಕೂರಿ ಕೂತಳು. ತಾಯಿ ಮಗನ ಮುಖದ ಧೂಳು ಒರೆಸುವ ಪದ್ಯ ಬಂತು. ಒಂದೊಂದು ಮಾತೂ ಅವಳಿಗೆ ಕೇಳಿಸಿತು, ಕಣ್ಣು ತುಂಬಿತು. ನಿಟ್ಟುಸಿರು ಬಿಟ್ಟರೆ ಭಾವ ಅದನ್ನೂ ಕಾಲಿಳಿಸಿದ್ದೆಂದೇ ತಿಳಿದಾರೆಂದು ಉಸಿರನ್ನು ಒಳಗೇ ಹಿಡಿದುಕೊಂಡಳು.