ಹಾಡಿನ ಕೊನೆಯ ಹೆಸರು

ಅಂದು ಬೆಳಿಗ್ಗೆಯೂ ಅಂಬಮ್ಮ ಮತ್ತು ಮನೆಗೆಲಸದ ವೆಂಕಮ್ಮ ಬೀಸುಕಲ್ಲಿಗೆ ಎದುರುಬದುರು ಕೂತು ಜೋಳ ಬೀಸುತ್ತಿದ್ದರು. ಹತ್ತಿ ನಮ್ಮದು, ಬಟ್ಟೆ ಮಾತ್ರ ಬಿಳಿಯರದು ಎಂಬ ಹಾಡನ್ನು ವೆಂಕಮ್ಮ ಹಾಡುತ್ತಿದ್ದಳು.

“ಅರಳಿ ನಮ್ಮದು, ಅರಿವಿ ಪರರದು, ಅಂದಾನ ಚಂದ್ರಣ್ಣ.”

ಹಾಡು ಕಟ್ಟಿದವರ ಹೆಸರು ಕೊನೆಯ ಸಾಲಿನಲ್ಲಿ ಬರುವುದು ಆದವಾನಿ ಕಡೆಯ ರೂಢಿ. ಇದನ್ನು ಕಟ್ಟಿದವಳು ಅಂಬಮ್ಮ. ಹತ್ತಿ ವ್ಯಾಪಾರದ ಅಣ್ಣ ಚಂದ್ರಣ್ಣ ಅಚ್ಚು ಹಾಕಿಸುವಾಗ, ಮನೆಯ ಹೆಣ್ಣುಮಗಳ ಹೆಸರು ಬಜಾರಿಗೆ ಬೀಳಬಾರದೆಂದು ತನ್ನದನ್ನು ಸೇರಿಸಿದ. ಎರಡೂ ಒಂದೇ ಅಳತೆಯ ಹೆಸರುಗಳು, ತಾಳ ತಪ್ಪಲಿಲ್ಲ. ಸಭೆಗಳಲ್ಲಿ ಅವನ ಕೊರಳಿಗೆ ಹಾರಗಳು ಬಿದ್ದವು. ಮನೆಗೆ ಬಂದು ಅವನ್ನು ದೇವರ ಜಗುಲಿಗೆ ಇಡಲು ತಂಗಿಯ ಕೈಗೆ ಕೊಡುತ್ತಿದ್ದ. ಅವಳು ಇಡುತ್ತಿದ್ದಳು.

ನಲವತ್ತೆರಡರ ಆಗಸ್ಟ್. ನಾಯಕರೆಲ್ಲ ಜೈಲು ಸೇರಿದ್ದರು. ಆದವಾನಿಯಿಂದ ಎಮ್ಮಿಗನೂರಿನ ಮಗ್ಗಗಳವರೆಗೆ ಜನರ ಬಾಯಲ್ಲಿ ಈ ಹಾಡೇ. ಹಿಟ್ಟು ತುಂಬಿಡುವ ಮೊದಲೇ ಪೊಲೀಸರು ಚಂದ್ರಣ್ಣನನ್ನು ಹುಡುಕಿಕೊಂಡು ಅಂಗಳಕ್ಕೆ ಬಂದರು.

ಚಂದ್ರಣ್ಣ ತನಗೆ ನಾಲ್ಕು ಸಾಲು ಕೂಡಿಸಲೂ ಬಾರದೆಂದ. ಆಮೇಲೆ ನೆಲ ನೋಡುತ್ತ ಹೇಳಿದ: “ಆಕಿ ಕಟ್ಟ್ಯಾಳ್ರಿ. ನನ್ನ ತಂಗಿ.”

ಅಂಬಮ್ಮ ಬಾಗಿಲಿಗೆ ಬಂದಳು. ಕೈಯೆಲ್ಲ ಹಿಟ್ಟು. “ಹೌದ್ರಿ, ನಾನ ಕಟ್ಟೀನಿ.”

ಇನ್ಸ್‌ಪೆಕ್ಟರ್ ನಕ್ಕ. “ಏಮಯ್ಯಾ ಚಂದ್ರಣ್ಣ, ಹಾರಕ್ಕ ನಿನ್ನ ಕೊರಳು, ಬೇಡಿಗಿ ತಂಗಿ ಕೈ ಏನು? ರೊಟ್ಟಿ ಬಡಿಯೋ ಹುಡುಗಿ ಇಂಥಾದ್ದು ಕಟ್ಟತಾಳಂದ್ರ ಯಾರು ನಂಬ್ತಾರ? ನಡಿ.”

ಅವನನ್ನು ಕರೆದೊಯ್ದರು. ತಾಯಿ ಅಕ್ಕನಾಗಮ್ಮ ಮಗಳ ಮೇಲೆ ಹರಿಹಾಯ್ದಳು. ಬರೆ ಎಂದು ನಿನಗೆ ಹೇಳಿದವರು ಯಾರು, ಬರೆದ ಮೇಲೆ ನಂಬುವ ಹಾಗಾದರೂ ಹೇಳಬಾರದಿತ್ತೇ ಎಂದು ಅತ್ತಳು. ಅಂಬಮ್ಮ ವೆಂಕಮ್ಮನನ್ನು ಕರೆದುಕೊಂಡು ಹೊರಟಳು.

ಠಾಣೆಯ ಮುಂದಿನ ಬಜಾರು ತುಂಬಿತ್ತು. ಹೊರಗೆ ಎಂದೂ ದನಿ ತೆಗೆಯದ ಅಂಬಮ್ಮ ಕಣ್ಣು ಮುಚ್ಚಿ ಹಾಡು ಎತ್ತಿದಳು. ಅಚ್ಚಿನಲ್ಲಿ ಇಲ್ಲದ ನುಡಿಯೊಂದನ್ನು ನಿಂತಲ್ಲೇ ಕಟ್ಟಿದಳು. ಅದರಲ್ಲಿ ಬೇಡಿ ಬಂತು, ರೊಟ್ಟಿ ಬಂತು, ಇನ್ಸ್‌ಪೆಕ್ಟರನ ನಗೆಯೂ ಬಂತು. ಕೊನೆಗೆ “ಅಂದಾಳ ಅಂಬಮ್ಮ.” ವೆಂಕಮ್ಮ ಆ ಸಾಲನ್ನು ತಿರುಗಿ ಹಾಡಿದಳು. ತರಕಾರಿಯವರೂ ದನಿಗೂಡಿಸಿದರು.

ಇನ್ಸ್‌ಪೆಕ್ಟರ್ ಹೊರಗೆ ಬಂದ. ಈ ಸಲ ನಗಲಿಲ್ಲ.

ಚಂದ್ರಣ್ಣನನ್ನು ಬಿಟ್ಟರು. ಅವನು ಠಾಣೆಯಿಂದ ಇಳಿಯುವಾಗ, ಪೇದೆಗಳ ನಡುವೆ ಮೆಟ್ಟಿಲು ಹತ್ತುತ್ತಿದ್ದ ತಂಗಿ ಎದುರಾದಳು. ಅವನು ಸುತ್ತ ನೋಡಿ ಮೆಲ್ಲಗೆ ಅಂದ: “ಹೆಸರು ಯಾಕ ಹೇಳಿದೆವ್ವಾ, ಅದೂ ಬಜಾರದಾಗ?”

ಅಂಬಮ್ಮ ಕೊನೆಯ ಸಾಲನ್ನು ಇನ್ನೊಮ್ಮೆ ಹಾಡುತ್ತ ಒಳಗೆ ಹೋದಳು.