ಜಗದೇವಪ್ಪ ಬರೆಯದ ಹೆಸರು

ಜಗದೇವಪ್ಪ ಬುಧವಾರ ಬಸ್ಸು ಓಡಿಸುತ್ತಿರಲಿಲ್ಲ. ಹೇಸ್ ಎಂಬ ಇಂಗ್ಲಿಷ್ ಊರಿನ ಬಸ್ ಡಿಪೋದಲ್ಲಿ ಇಪ್ಪತ್ತೊಂದು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಶನಿವಾರ, ಭಾನುವಾರದ ರಜೆ ಕೇಳುವಷ್ಟು ಹಿರಿತನವಿತ್ತು. ಅವನು ಮಾತ್ರ ಬುಧವಾರವೇ ಬೇಕೆಂದು ಪಟ್ಟು ಹಿಡಿದು ಪಡೆದಿದ್ದ. ಕಾಲೇಜುಗಳ ಫುಟ್‌ಬಾಲ್ ಮ್ಯಾಚು ನಡೆಯುವುದು ಬುಧವಾರ ಮಧ್ಯಾಹ್ನ. ಒಂಬತ್ತು ವರ್ಷಗಳಿಂದ ಅವನು ಕ್ರೇನ್‌ಸೈಡ್ ಅಥ್ಲೆಟಿಕ್ ಎಂಬ ಕ್ಲಬ್ಬಿನ ಮಹಿಳಾ ತಂಡಕ್ಕೆ ಆಟಗಾರ್ತಿಯರನ್ನು ಹುಡುಕಿಕೊಡುವ ಸ್ಕೌಟ್ ಆಗಿದ್ದ.

ಕ್ರೇನ್‌ಸೈಡ್ ದೊಡ್ಡ ಕ್ಲಬ್ಬಲ್ಲ. ದೊಡ್ಡ ಕ್ಲಬ್ಬುಗಳು ಚುರುಕಾದ ಹುಡುಗಿಯರನ್ನು ಎಂಟು-ಒಂಬತ್ತನೇ ವಯಸ್ಸಿಗೇ ಆರಿಸಿ ತಮ್ಮ ಅಕಾಡೆಮಿಗೆ ಸೇರಿಸಿಬಿಡುತ್ತವೆ. ತಡವಾಗಿ ಬೆಳೆದವರು, ಹದಿಮೂರಕ್ಕೆ ಬೇರೆ ದೇಶದಿಂದ ಬಂದಿಳಿದವರು, ತರಬೇತಿಗೆ ಕರೆದೊಯ್ಯಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲದವರು ಆ ಜರಡಿಯಿಂದ ಕೆಳಗೆ ಬಿದ್ದು, ಸಣ್ಣ ಕಾಲೇಜುಗಳ ತಂಡಗಳಲ್ಲಿ, ಕೂರಲು ಒಂದು ಬೆಂಚೂ ಇಲ್ಲದ ಮೈದಾನಗಳಲ್ಲಿ ಆಡುತ್ತಿರುತ್ತಾರೆ. ಕ್ರೇನ್‌ಸೈಡ್ ಪ್ರತಿ ಮೇ ತಿಂಗಳು ಅಂಥವರಲ್ಲಿ ಇಬ್ಬರಿಗೆ ವೃತ್ತಿಪರ ಕರಾರು ಕೊಡುತ್ತಿತ್ತು. ಜಗದೇವಪ್ಪ ಹೆಸರು ಕೊಟ್ಟವರಲ್ಲಿ ಆರು ಮಂದಿಗೆ ಈಗ ಆಟವೇ ಅನ್ನ. ಒಬ್ಬಳು ತಂಡದ ನಾಯಕಿಯೂ ಆಗಿದ್ದಳು.

ಆಟ ಅಳೆಯುವ ಈ ಕಣ್ಣು ಅವನಿಗೆ ಬಂದದ್ದು ಬೆಳಗಾವಿಯಲ್ಲಿ. ಶಹಾಪುರದ ಗಲ್ಲಿಯ ತಂಡಕ್ಕೆ ಎಡಬದಿಯ ಡಿಫೆಂಡರ್ ಆಗಿದ್ದವನು ಮೊಣಕಾಲು ಕೆಟ್ಟ ಮೇಲೆ ಗೆರೆಯಾಚೆ ನಿಂತು ನೋಡುವುದನ್ನು ಕಲಿತ. ಕ್ಲಬ್ಬಿನ ಆಯ್ಕೆ ವಿಭಾಗದ ಮುಖ್ಯಸ್ಥೆ ಶ್ರೀಲತಾ ಮೈಸೂರಿನ ಡಾಕ್ಟರೊಬ್ಬರ ಮಗಳು. ಇಲ್ಲಿನ ಕನ್ನಡಿಗರೆಲ್ಲ ಸೇರಿದ್ದ ಒಂದು ಯುಗಾದಿ ಊಟದ ದಿನ, ಹೊರಗೆ ಚೆಂಡಾಡುತ್ತಿದ್ದ ಮಕ್ಕಳನ್ನು ಕಿಟಕಿಯಿಂದ ನೋಡುತ್ತ ಈ ಬಸ್ ಡ್ರೈವರ್ ಅವರ ಆಟದ ಬಗ್ಗೆ ಪಕ್ಕದವನಿಗೆ ಹೇಳಿದ ನಾಲ್ಕು ಮಾತು ಅವಳ ಕಿವಿಗೆ ಬಿದ್ದಿತ್ತು. ಹೋಳಿಗೆಯ ತಟ್ಟೆ ಕೈಯಲ್ಲಿರುವಾಗಲೇ ಅವನನ್ನು ಕೆಲಸಕ್ಕೆ ಕರೆದಿದ್ದಳು.

ಈ ವರ್ಷ ಅವನ ಪಟ್ಟಿಯ ಮೊದಲ ಹೆಸರು ಅಬೆನಾ. ಹತ್ತೊಂಬತ್ತು ವರ್ಷ, ಘಾನಾದಿಂದ ಬಂದವರ ಮಗಳು. ಹೇಸ್‌ನ ಪಕ್ಕದ ಒಂದು ಚಿಕ್ಕ ಕಾಲೇಜಿಗೆ ಆಡಿ ಹನ್ನೊಂದು ಗೋಲು ಹೊಡೆದಿದ್ದಳು. ಜಗದೇವಪ್ಪ ಮೂರು ಪುಟದ ವರದಿ ಬರೆದು ಮ್ಯಾಚಿನ ವಿಡಿಯೊಗಳ ಜತೆ ಕಳಿಸಿದ. ಎರಡೇ ದಿನದಲ್ಲಿ ಶ್ರೀಲತಾ ಫೋನ್ ಮಾಡಿದಳು.

"ಹುಡುಗಿ ಚೆನ್ನಾಗಿದಾಳೆ. ಒಂದ್ ವಿಷ್ಯ ಕೇಳ್ಬೇಕಿತ್ತು. ಹನ್ನೊಂದ್ ಗೋಲಲ್ಲಿ ಎಂಟಕ್ಕೆ ಬಾಲ್ ಕೊಟ್ಟಿರೋದು ಒಬ್ಳೇ. ಆರನೇ ನಂಬರು, ಮಿಡ್‌ಫೀಲ್ಡ್. ನಿಮ್ಮ ರಿಪೋರ್ಟ್‌ನಲ್ಲಿ ಎದುರು ಟೀಮಿನ ಗೋಲ್‌ಕೀಪರ್ ಬಗ್ಗೆನೂ ಇದೆ, ಇವಳ ಬಗ್ಗೆ ಒಂದ್ ಸಾಲೂ ಇಲ್ಲ. ಯಾಕೆ?"

ಜಗದೇವಪ್ಪ ಟೀ ವಿರಾಮದಲ್ಲಿ ಡಿಪೋದ ಗೋಡೆಗೆ ಒರಗಿ ನಿಂತಿದ್ದ.

"ಆಕಿ ನನ್ನ ಮಗಳ್ರಿ, ಮೇಡಂ. ಸಾನ್ವಿ."

"ಎಷ್ಟ್ ವರ್ಷದಿಂದ ಆಡ್ತಿದಾಳೆ?"

"ಸಣ್ಣಾಕಿದ್ದಾಗಿಂದ ಆಡತಾಳ್ರಿ. ನಾನ ಕಲಿಸೀನಿ."

"ಮತ್ತೆ ನಂಗೆ ಹೇಳ್ಲೇ ಇಲ್ವಲ್ಲ."

"ಹೆಂಗ ಹೇಳ್ಲಿರಿ? ಮಂದಿ ಮಕ್ಕಳನ್ನ ತೂಗೂ ತಕ್ಕಡಿಯೊಳಗ ನನ್ನ ಮಗಳನ್ನ ತಂದು ಕುಂದ್ರಿಸಿದ್ರ, ಮುಂದ ನಾ ಯಾರ ಹೆಸರು ಕೊಟ್ರೂ ನಂಬತೀರೇನ್ರಿ ನೀವು?"

ಶ್ರೀಲತಾಗೆ ಸಿಟ್ಟು ಬಂತೋ ನಗು ಬಂತೋ ಅವನಿಗೆ ತಿಳಿಯಲಿಲ್ಲ. "ಅದಕ್ಕೊಂದ್ ಫಾರ್ಮ್ ಇದೆ, ಜಗದೇವಪ್ಪನವ್ರೇ. ಸಂಬಂಧಿ ಅಂತ ಬರ್ದುಕೊಟ್ರೆ ಬೇರೆಯವ್ರು ಹೋಗಿ ನೋಡ್ತಾರೆ. ಅಷ್ಟೇ. ಮುಂದಿನ ಬುಧವಾರ ನಾನೇ ಬರ್ತೀನಿ. ನೀವು ಮಾತ್ರ ಬರ್ಬೇಡಿ."

ಹಾಗಾಗಿ ಒಂಬತ್ತು ವರ್ಷದಲ್ಲಿ ಮೊದಲ ಸಲ ಜಗದೇವಪ್ಪ ಬುಧವಾರ ಮಧ್ಯಾಹ್ನ ಮನೆಯಲ್ಲಿ ಕೂತ. ಹೆಂಡತಿ ಗಿರಿಜಾದೇವಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಅವನು ಎರಡು ಸಲ ಬೂಟು ಹಾಕಿ ಎರಡು ಸಲ ಬಿಚ್ಚಿದ್ದನ್ನು ನೋಡಿ, ಏನಾಯಿತೆಂದು ಕೇಳಿದಳು. ಅವನು ಎಲ್ಲ ಹೇಳಿದ.

"ಆಕಿಗೆ ಗೊತ್ತೈತಿ," ಎಂದಳು ಅವಳು.

"ಏನ್ ಗೊತ್ತೈತಿ?"

"ನೀವು ಆಕಿ ಹೆಸರು ಬರಿಯಾಂಗಿಲ್ಲ ಅಂತ. ಹ್ವಾದ ವರ್ಷ ನಿಮ್ಮ ಕಾಗದ ಎಲ್ಲಾ ತಗದು ಓದ್ಯಾಳ. ತನ್ನ ಟೀಮಿನ ಎಲ್ಲಾರ ಬಗ್ಗೆ ಒಂದೊಂದು ಮಾತು ಐತಿ, ತಂದೊಂದ ಇಲ್ಲ. 'ನಾ ಅಷ್ಟು ಕೆಟ್ಟ ಆಡತೀನೇನವ್ವಾ' ಅಂತ ನನ್ನ ಕೇಳಿದ್ಲು."

ಮತ್ತೆ ಬೂಟಿಗೆ ಹೋಗಿದ್ದ ಜಗದೇವಪ್ಪನ ಕೈ ದಾರದ ಮೇಲೇ ನಿಂತಿತು. "ನೀ ಏನಂದಿ?"

"ನಿಮ್ಮಪ್ಪನ್ನ ಕೇಳು ಅಂದೆ. ಕೇಳಲಿಲ್ಲ. ನಿಮ್ಮ ಮಗಳಲ್ಲೇನು, ಹಟಾ."

ಬರೆಯದೆ ಬಿಟ್ಟದ್ದನ್ನು ಇಷ್ಟು ದಿನ ತನ್ನ ನಿಯತ್ತು ಎಂದುಕೊಂಡಿದ್ದ. ಅದನ್ನೇ ಮಗಳು ತೀರ್ಪೆಂದು ಓದಿಕೊಂಡು, ಒಂದು ವರ್ಷ ತುಟಿ ಬಿಚ್ಚದೆ ಅವನೆದುರಿಗೇ ಉಂಡು ತಿರುಗಿದ್ದಳು.

ಐದು ಗಂಟೆಗೆ ಸಾನ್ವಿ ಬಂದಳು. ಹದಿನೆಂಟು ವರ್ಷದ ಹುಡುಗಿ, ಮೊಣಕಾಲಿನವರೆಗೆ ಕೆಸರು. ಮನೆಯಲ್ಲಿ ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ. ನಿನ್ನ ಬಾಸ್ ಬಂದಿದ್ದಳು, ನನ್ನ ಹೆಸರು ಕೇಳಿದಳು, ನೀನು ಹೇಳಿ ಕಳಿಸಿದೆಯಾ ಎಂದು ಇಂಗ್ಲಿಷಿನಲ್ಲೇ ಕೇಳಿದಳು.

"ಇಲ್ಲ," ಎಂದ ಜಗದೇವಪ್ಪ. "ಆಕಿ ವಿಡಿಯೊದಾಗ ತಾನ ನೋಡ್ಯಾಳ."

ಸಾನ್ವಿ ತಲೆಯಾಡಿಸಿ ಒಳಗೆ ಹೋದಳು. ಮಹಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ ಸದ್ದು ಗಂಡ ಹೆಂಡತಿ ಇಬ್ಬರಿಗೂ ಕೇಳಿಸಿತು.

ಮೇ ತಿಂಗಳ ಎರಡನೇ ಶನಿವಾರ ಆಯ್ಕೆಯ ದಿನ. ಹದಿನಾಲ್ಕು ಕಾಲೇಜುಗಳಿಂದ ಮೂವತ್ತಾರು ಹುಡುಗಿಯರು ಕ್ರೇನ್‌ಸೈಡ್ ಮೈದಾನಕ್ಕೆ ಬಂದಿದ್ದರು. ಮೂರು ಮ್ಯಾಚು, ಎರಡು ಕರಾರು. ಪಟ್ಟಿಯಲ್ಲಿ ಮೂರು ಹೆಸರು ಜಗದೇವಪ್ಪನವೇ ಆದ್ದರಿಂದ ಅವನು ಇರಲೇಬೇಕಿತ್ತು. ಶ್ರೀಲತಾ ತಾನೇ ಸೇರಿಸಿದ್ದ ನಾಲ್ಕನೆಯ ಹೆಸರು ಸಾನ್ವಿಯದು; ಅವಳ ಬಗ್ಗೆ ಮಾತು ಬಂದಾಗ ಆಯ್ಕೆಯ ಕೋಣೆಯಿಂದ ಹೊರಗಿರುತ್ತೇನೆಂದು ಸಹಿ ಮಾಡಿ ಕೊಟ್ಟಿದ್ದ.

ಮೊದಲ ಮ್ಯಾಚಿನಲ್ಲಿ ಸಾನ್ವಿ ಕೆಟ್ಟದಾಗಿ ಆಡಿದಳು. ಎರಡು ಪಾಸು ಎದುರಾಳಿಯ ಕಾಲಿಗೇ ಹೋದವು. ಒಮ್ಮೆ ಯಾರೂ ಮುಟ್ಟದಿದ್ದರೂ ಎಡವಿ ಬಿದ್ದಳು. ತಂತಿಬೇಲಿಗೆ ಒರಗಿ ನಿಂತಿದ್ದ ಜಗದೇವಪ್ಪನಿಗೆ ಕಾರಣ ಬೇಗನೆ ತಿಳಿಯಿತು. ಚೆಂಡು ಬರುವ ಮೊದಲು ಒಮ್ಮೆ ತಿರುಗಿ ಸುತ್ತ ನೋಡಬೇಕೆಂದು ಅವಳಿಗೆ ಐದನೇ ವಯಸ್ಸಿನಲ್ಲಿ ಕಲಿಸಿದವನು ಅವನೇ. ಇವತ್ತೂ ಅವಳು ತಿರುಗಿ ನೋಡುತ್ತಿದ್ದಳು. ಆದರೆ ಪ್ರತಿ ಸಲವೂ ಬೇಲಿಯ ಕಡೆಗೆ, ಅಪ್ಪನ ಮುಖವನ್ನು.

ಅವನು ಅಲ್ಲಿಂದ ಹೊರಟ. ಅಬೆನಾ ಬಗ್ಗೆ ಹೇಳಬೇಕಾದ್ದನ್ನೆಲ್ಲ ಬರೆದು ಕೊಟ್ಟಾಗಿತ್ತು. ಉಳಿದ ಇಬ್ಬರ ಬಗ್ಗೆಯೂ. ಕ್ಲಬ್ಬಿನ ಕಟ್ಟಡದ ಹಿಂದೆ ಟೀ ಮಾರುವ ವ್ಯಾನೊಂದಿತ್ತು. ಅಲ್ಲಿಂದ ಮೈದಾನ ಕಾಣುತ್ತಿರಲಿಲ್ಲ, ಚೆಂಡು ತೀರ ಮೇಲೆ ಹಾರಿದರೆ ಮಾತ್ರ ಕಾಣುತ್ತಿತ್ತು. ಅವನು ಒಂದು ಟೀ ತೆಗೆದುಕೊಂಡು ನಿಂತ. ಉಳಿದ ಎರಡು ಮ್ಯಾಚುಗಳನ್ನು ಅವನು ಕಿವಿಯಿಂದಲೇ ನೋಡಿದ.

ಸ್ವಲ್ಪ ಹೊತ್ತು ಬರೀ ಗದ್ದಲ. ಆಮೇಲೆ ಅಬೆನಾಳ ದನಿ, "ಸಾನ್!" ಎಂದು. ಅದರ ಹಿಂದೆ ಒಂದು ಉಸಿರಿನಷ್ಟು ನಿಶ್ಶಬ್ದ, ತಕ್ಷಣ ಜನರ ಕೂಗು. ಹತ್ತು ನಿಮಿಷದ ಮೇಲೆ ಮತ್ತೆ ಹಾಗೇ. ನಿಶ್ಶಬ್ದದ ಆ ಉಸಿರಿನಲ್ಲಿ ಚೆಂಡು ಇಬ್ಬರು ಡಿಫೆಂಡರ್‌ಗಳ ನಡುವಿಂದ ನೆಲಕ್ಕೆ ಒತ್ತಿಕೊಂಡು ಹೋಗುತ್ತಿದೆಯೆಂದು ಅವನಿಗೆ ನೋಡದೆಯೇ ಗೊತ್ತಾಗುತ್ತಿತ್ತು. ಅವನ ಟೀ ಕೈಯಲ್ಲೇ ಆರಿಹೋಯಿತು. ವ್ಯಾನಿನ ಹೆಂಗಸು ಕೇಳದೆಯೇ ಇನ್ನೊಂದು ಲೋಟ ಮುಂದಿಟ್ಟಳು.

ನಾಲ್ಕೂವರೆಗೆ ಶ್ರೀಲತಾ ಕೋಣೆಯಿಂದ ಹೊರಬಂದು ಅವನ ಪಕ್ಕ ನಿಂತಳು.

"ಅಬೆನಾ ಆಯ್ತು. ಯಾರೂ ಎರಡ್ ಮಾತಾಡ್ಲಿಲ್ಲ. ಎರಡನೇದು ಕ್ರಾಯ್ಡನ್ ಕಡೆ ಕಾಲೇಜಿನ ಗೋಲ್‌ಕೀಪರ್‌ಗೆ. ಸಾನ್ವಿ ಮೂರನೆಯವ್ಳು. ಒಂದೇ ಒಂದು ವೋಟಲ್ಲಿ ತಪ್ಪೋಯ್ತು."

"ಆತ್ರಿ," ಎಂದ ಜಗದೇವಪ್ಪ.

"ಮೊದಲನೇ ಮ್ಯಾಚ್ ಅವಳನ್ನ ಹೊಡೀತು. ನಾನು ಸುಳ್ಳು ಹೇಳಲ್ಲ. ಆದ್ರೆ ಜುಲೈಯಿಂದ ವಾರಕ್ಕೆ ಮೂರು ದಿನ ಸ್ಕ್ವಾಡ್ ಜತೆ ಟ್ರೇನಿಂಗ್‌ಗೆ ಬರ್ಲಿ, ಜನವರಿಲಿ ಮತ್ತೆ ನೋಡ್ತೀವಿ. ಅವಳಿಗೆ ಹೇಳಿದೀನಿ. ಬರ್ತೀನಿ ಅಂದ್ಳು." ಹೋಗುವ ಮುಂಚೆ ನಿಂತು ಕೇಳಿದಳು, "ಎರಡನೇ ಮ್ಯಾಚ್‌ನಲ್ಲಿ ಅವಳು ಕೊಟ್ಟ ಆ ಮೂರನೇ ಪಾಸ್ ನೋಡಿದ್ರಾ?"

"ಇಲ್ರಿ. ಕೇಳಿದೆ."

ಮನೆಗೆ ಮರಳುವಾಗ ಸಾನ್ವಿ ಕಾರಿನಲ್ಲಿ ಅಪ್ಪನ ಪಕ್ಕ ಕೂತಿದ್ದಳು. ತಮ್ಮ ಬೀದಿಯಲ್ಲಿ ಒಂದೇ ಥರದ ಮನೆಗಳ ಸಾಲಿನೆದುರು ಕಾರು ನಿಲ್ಲಿಸಿ ಜಗದೇವಪ್ಪ ಎಂಜಿನ್ ಆರಿಸಿದ. ಬಿಸಿಲು ಇನ್ನೂ ಇತ್ತು. ಅವಳು ಬಾಗಿಲು ತೆಗೆಯಲಿಲ್ಲ.

"ಅಪ್ಪಾ," ಎಂದಳು. ಆಮೇಲೆ ಅವ್ವನಿಂದ ಕೇಳಿ ಕಲಿತ ಕನ್ನಡ ಮಾತುಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿದಳು. "ನೀ ಸ್ಕೌಟ್ ಆಗಿ ಹೇಳು. ನಾ ಹೆಂಗ ಆಡತೀನಿ?"

ಜಗದೇವಪ್ಪ ಎರಡೂ ಕೈಯನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು, ಎದುರಿನ ಗಾಜನ್ನು ನೋಡುತ್ತ ಶುರು ಮಾಡಿದ.

"ಬಾಲ್ ಬರೂಕಿಂತ ಮೊದ್ಲ ನಿನಗ ಮೈದಾನ ಎಲ್ಲಾ ಕಾಣತೈತಿ. ತಿರುಗಿ ನೋಡೂದು ನಾ ಕಲಿಸಿದ್ದು, ನೋಡಿದ್ದನ್ನ ತಿಳಕೊಳ್ಳೂದು ನಿಂದ. ನಾ ಆಡೂವಾಗ ನನಗದು ಇರಲಿಲ್ಲ. ಎಡಗಾಲನ್ನ ನೀ ನಂಬಂಗಿಲ್ಲ. ಎಡಕ್ಕ ಬಂದ ಬಾಲನ್ನ ಬಲಗಾಲಿಗೆ ತಗೋತಿ, ಅಷ್ಟರಾಗ ದಾರಿ ಮುಚ್ಚತೈತಿ. ಎಪ್ಪತ್ತು ಮಿನಿಟ್ ಆದಮ್ಯಾಲ ಹಿಂದ ಓಡಿ ಬರೂದು ಕಡಿಮಿ ಮಾಡತಿ. ಆದ್ರ ಹ್ವಾದ ನವೆಂಬರ್‌ದಾಗ, ಹ್ಯಾರೋದಾಗ ಮಳಿಯೊಳಗ ಆಡಿದ್ರಲಾ, ಅವತ್ತು ಕಡೀತನಕ ಓಡಿದಿ. ಅಂದ್ರ ಅದು ದಮ್ಮಿನ ಮಾತಲ್ಲ, ಮನಸ್ಸಿಂದು."

"ಹ್ಯಾರೋ ಮ್ಯಾಚ್‌ಗೆ ನೀ ಬಂದಿದ್ದಿಲ್ಲ."

"ಬಂದಿದ್ದೆ. ಕಾರ್ ಪಾರ್ಕಿನ ಕಡೆ ಮರದ ಹಿಂದ ನಿಂತಿದ್ದೆ."

ಸಾನ್ವಿ ಅವನ ಕಡೆ ತಿರುಗಿ ಕುಳಿತಳು. ಅವನು ಹೇಳುತ್ತಲೇ ಹೋದ. ಹನ್ನೆರಡನೇ ವಯಸ್ಸಿನಲ್ಲಿ ಶಾಲೆಯ ತಂಡಕ್ಕೆ ಹೊಡೆದ ಫ್ರೀಕಿಕ್ಕು, ಸೋತು ಬಂದು ಅಳದೆ ನಿಂತ ದಿನ, ಎಂದೋ ಕೊಟ್ಟು ಅವಳೇ ಮರೆತುಬಿಟ್ಟಿದ್ದ ಒಂದು ಪಾಸು. ತೇದಿ, ಮೈದಾನ, ಎದುರಾಳಿ ಯಾವುದಕ್ಕೂ ಅವನು ತಡವರಿಸಲಿಲ್ಲ. ಎಡಗಾಲಿನ ವಿಷಯದಲ್ಲಿ ಮಾತ್ರ ಅವಳು ಒಪ್ಪಲಿಲ್ಲ. ಅದೊಂದನ್ನು ಇಂಗ್ಲಿಷಿನಲ್ಲಿ ವಾದಿಸಿದಳು, ಅವನು ಕನ್ನಡದಲ್ಲಿ ಬಿಟ್ಟುಕೊಡಲಿಲ್ಲ.

ಒಳಗೆ ಕಾದು ಕಾದು ಸಾಕಾದ ಗಿರಿಜಾದೇವಿ ಹೊರಗೆ ಬಂದು, ಹಿಂದಿನ ಬಾಗಿಲು ತೆಗೆದು ಕಾರಿನಲ್ಲಿ ಕುಳಿತಳು.

"ಏನಾತು? ಇಬ್ಬರೂ ಇಲ್ಲೇ ಸಂಸಾರ ಹೂಡೀರೇನು?"

"ನಾ ಮೂರನೇದಾಕಿ ಆದೆ, ಅವ್ವಾ. ಜನವರಿಗೆ ಮತ್ತ ನೋಡತಾರಂತ," ಎಂದಳು ಸಾನ್ವಿ. ಅವಳ ಕಣ್ಣು ಒದ್ದೆಯಾಗಿತ್ತು, ಬಾಯಲ್ಲಿ ನಗುವಿತ್ತು. "ಅಪ್ಪ ನನ್ನ ರಿಪೋರ್ಟ್ ಹೇಳಾಕತ್ತಾನ."

ಗಿರಿಜಾದೇವಿ ಗಂಡನ ಬೆನ್ನನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿ, ಕಾರಿನ ಬಾಗಿಲು ಎಳೆದುಕೊಂಡಳು.

"ಹಂಗಾದ್ರ ಮೊದ್ಲಿಂದ ಹೇಳ್ರಿ," ಎಂದಳು. "ನಾನೂ ಕೇಳತೀನಿ."